ವಾಕ್ಯಭೇದಗಳ ಬೋಧನೆ: ಚಿಹ್ನೆಯೂ ರಚನೆಯೂ

ಕರ್ನಾಟಕದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಲ್ಲಿ 2007-08ರಿಂದ ಇಂಗ್ಲಿಷ್ ಒಂದನೆಯ ತರಗತಿಗೇ ಬಂದಿದ್ದರೂ ಅದರ ವಾಕ್ಯಭೇದಗಳನ್ನು ಕಲಿಸುವ ರೂಢಿ ಮಾತ್ರ ಹೆಚ್ಚು ಬದಲಾಗಿಲ್ಲ. ಸಂಗತಿಯನ್ನು ತಿಳಿಸುವ ಹೇಳಿಕೆ, ಕೇಳುವ ಪ್ರಶ್ನಾರ್ಥಕ, ಆಜ್ಞೆ ಅಥವಾ ವಿನಂತಿಯನ್ನು ಸೂಚಿಸುವ ವಿಧ್ಯರ್ಥಕ, ಭಾವವನ್ನು ಹೊರಹಾಕುವ ಉದ್ಗಾರ ಎಂಬ ನಾಲ್ಕು ಬಗೆಗಳನ್ನು ಕರಿಹಲಗೆಯ ಮೇಲೆ ಬರೆದು, ಕೊನೆಯ ಚಿಹ್ನೆಯನ್ನು ನೋಡಿ ವಾಕ್ಯವನ್ನು ಹೆಸರಿಸಲು ಹೇಳುವ ಕ್ರಮ ಬಾಗಲಕೋಟೆ, ಹುನಗುಂದಗಳ ಕಡೆಯ ಓದುಗರಿಗೂ ಪರಿಚಿತವೇ. ಹೆಸರು ತಿಳಿಯುವುದು ವ್ಯರ್ಥವಲ್ಲ. ಆದರೆ ಚಿಹ್ನೆ ಬರಹಕ್ಕೆ ಸೇರಿದ್ದು, ವಾಕ್ಯ ಕಟ್ಟುವ ಬಗೆಯನ್ನು ಅದು ಕಲಿಸಲಾರದು.

ಈ ಕೊರತೆ ಎದ್ದು ಕಾಣುವುದು ಪ್ರಶ್ನಾರ್ಥಕದಲ್ಲಿ. ಇಳಕಲ್ಲಿನ ಮಗು 'ನೀ ಸಾಲಿಗೆ ಹೊಂಟೀಯೇನು?' ಎಂದು ಕೇಳುವಾಗ ಪದಗಳ ಜಾಗ ಬದಲಾಗುವುದಿಲ್ಲ, ಕ್ರಿಯಾಪದದ ತುದಿಗೆ 'ಏನು' ಸೇರಿದರೆ ಸಾಕು. 'ನೀ ಎಲ್ಲಿಗೆ ಹೊಂಟಿ?' ಎಂಬಲ್ಲಿಯೂ ಪ್ರಶ್ನೆಯ ಪದ ಉತ್ತರದ ಜಾಗದಲ್ಲೇ ಕೂರುತ್ತದೆ. ಇಂಗ್ಲಿಷಿನಲ್ಲಾದರೆ ಆ ಪದ ವಾಕ್ಯದ ಮೊದಲಿಗೆ ಬರಬೇಕು, ಅದರ ಬೆನ್ನಿಗೇ ಸಹಾಯಕ ಕ್ರಿಯಾಪದ, ಅಂದರೆ ಮುಖ್ಯ ಕ್ರಿಯೆಗೆ ಕಾಲವನ್ನು ಒದಗಿಸುವ 'ಆರ್'ನಂಥ ಪದ, ಕರ್ತೃವನ್ನು ದಾಟಿ ಮುಂದೆ ಬರಬೇಕು. ಹೇಳಿಕೆಯಲ್ಲಿ ಅಂಥ ಪದವೇ ಇಲ್ಲದಿದ್ದರೆ 'ಡು' ಅಥವಾ ಅದರ ರೂಪವನ್ನು ಹೊಸದಾಗಿ ತರಬೇಕು. ಆದ್ದರಿಂದ 'ವೇರ್ ಯು ಆರ್ ಗೋಯಿಂಗ್?' ಎಂದು ಬರೆದ ಮಗು ಅರ್ಧ ಕೆಲಸವನ್ನು ಸರಿಯಾಗಿಯೇ ಮಾಡಿರುತ್ತದೆ: 'ವೇರ್' ಮುಂದೆ ಬಂದಿದೆ, 'ಆರ್' ಮಾತ್ರ ದಾಟಿಲ್ಲ. ಇಡೀ ವಾಕ್ಯಕ್ಕೆ ಕೆಂಪು ಗೆರೆ ಎಳೆಯುವ ತಿದ್ದುವಿಕೆ ಆ ಅರ್ಧ ಕಲಿಕೆಯನ್ನೂ ಅಳಿಸಿಬಿಡುವುದು ನಿಜಕ್ಕೂ ನೋವಿನ ಸಂಗತಿ.

ವಿಧ್ಯರ್ಥಕದ ತೊಡಕು ಬೇರೆ. ಗೆಳೆಯನಿಗೆ 'ಬಾ', ಹಿರಿಯರಿಗೆ 'ಬರ್ರಿ' ಎನ್ನುವ ಮಗುವಿಗೆ ಇಬ್ಬರಿಗೂ 'ಕಮ್' ಒಂದೇ ಎಂದು ಹೇಳಿ ಬಿಡುವಂತಿಲ್ಲ. ಇಂಗ್ಲಿಷಿನಲ್ಲಿ ಗೌರವ 'ಪ್ಲೀಸ್' ಎಂಬುದರಿಂದಲೋ, 'ಕುಡ್ ಯು ಕಮ್?' ಎಂಬ ಪ್ರಶ್ನೆಯಿಂದಲೋ ವ್ಯಕ್ತವಾಗುತ್ತದೆ. ರೂಪದಲ್ಲಿ ಪ್ರಶ್ನೆಯಾದದ್ದು ಉದ್ದೇಶದಲ್ಲಿ ವಿನಂತಿಯಾಗಬಹುದು ಎಂಬ ಈ ಮುಖ್ಯ ತಿಳಿವಳಿಕೆಗೆ ನಾಲ್ಕು ಬಗೆಗಳ ಪಟ್ಟಿಯಲ್ಲಿ ಜಾಗವಿಲ್ಲ. ಉದ್ಗಾರ ವಾಕ್ಯವನ್ನು ಹೇಳಿಕೆಯಾಗಿ ಬದಲಿಸುವ ಅಭ್ಯಾಸಗಳಿಗೆ ಸಲ್ಲುವ ಸಮಯದ ಒಂದಂಶವನ್ನಾದರೂ ಇದಕ್ಕೆ ಕೊಡಬಹುದಿತ್ತು.

ದೂರದೂರದ ಪ್ರವಾಸಿಗರು ಬರುವ ಬಾದಾಮಿಯಲ್ಲಿ ಪಾಠಕ್ಕೆ ಬೇಕಾದ ಸಂದರ್ಭಗಳು ಗುಹೆಗಳ ಮೆಟ್ಟಿಲಲ್ಲೇ ಸಿಗುತ್ತವೆ. 'ಹೌ ಮೆನಿ ಕೇವ್ಸ್ ಆರ್ ದೇರ್?', 'ದೇರ್ ಆರ್ ಫೋರ್ ಕೇವ್ಸ್', ಮಂಗಗಳ ಕಾಟವನ್ನು ನೆನೆದು 'ಡೋಂಟ್ ಫೀಡ್ ದ ಮಂಕೀಸ್' ಎಂಬ ಮೂರು ಮಾತುಗಳಲ್ಲಿ ಮೂರು ವಾಕ್ಯಭೇದಗಳಿವೆ. ಮೊದಲೆರಡನ್ನು ಒಂದರ ಕೆಳಗೊಂದು ಬರೆದು, 'ಆರ್' ಎತ್ತ ಸರಿಯಿತೆಂದು ಮಕ್ಕಳನ್ನೇ ಕೇಳಿದರೆ, ವ್ಯಾಖ್ಯೆಯನ್ನು ಆಮೇಲೆ ಹೇಳಿದರೂ ನಡೆದೀತು.