ನೂಲಿನ ದಿಕ್ಕು, ಮೋಟರಿನ ಬಲ

ತುಂಗಭದ್ರೆ ಉಕ್ಕಿದಾಗ ದ್ವೀಪವಾಗಿ, ಇಳಿದಾಗ ಮತ್ತೆ ದಡವನ್ನು ಕೂಡಿಕೊಳ್ಳುವ ವಿರೂಪಾಪುರಗಡ್ಡೆಯ ಸುತ್ತಿನ ನೆಲವು ಮೌಂಟನ್ ಬೈಕಿನ ರಸಿಕರಿಗೆ ದೊರೆತ ಒಂದು ದೊಡ್ಡ ಸಂಪತ್ತು. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಗರ್ಭದಲ್ಲಿ ಹೆಪ್ಪುಗಟ್ಟಿದ ಗ್ರಾನೈಟು, ಕಾಲಾಂತರದಲ್ಲಿ ಮೇಲೆದ್ದು, ಬಿಸಿಲು ಮಳೆಗಳಿಗೆ ಬಿರಿದು, ಮೂಲೆಗಳನ್ನು ಕಳೆದುಕೊಂಡು, ಗುಂಡಿನ ಮೇಲೆ ಗುಂಡಾಗಿ ನಿಂತಿರುವ ಆ ಸೀಮೆಯಲ್ಲಿ, ಸಾಣಾಪುರದಿಂದ ಹನುಮನಹಳ್ಳಿಗೂ ಅಂಜನಾದ್ರಿಯ ಬುಡದಿಂದ ಆನೆಗುಂದಿಗೂ ಸಾಗುವ ದಾರಿಯುದ್ದಕ್ಕೂ ಒಂದು ಬದಿಗೆ ಭತ್ತದ ಗದ್ದೆಯ ಸಮತಲ, ಮತ್ತೊಂದು ಬದಿಗೆ ಒಮ್ಮೆಲೇ ಎದ್ದುನಿಲ್ಲುವ ಬಂಡೆಯ ಏರು. ಆ ಏರುಗಳು ಉದ್ದವಾದವಲ್ಲ, ಕಡಿದಾದವು. ಒರಟಾದ ಕಲ್ಲು ಟೈರನ್ನು ಹಿಡಿದುಕೊಳ್ಳುತ್ತದೆ, ಆದರೆ ಸವಾರನ ತೊಡೆಯಲ್ಲಿ ಬಲ ಸಾಲದಾದಾಗ ಚಕ್ರವು ಅಲ್ಲಿಯೇ ನಿಂತುಬಿಡುತ್ತದೆ. ತಮ್ಮಲ್ಲಿರುವ ಕಾರ್ಬನ್ ಫ್ರೇಮಿನ ಸೈಕಲ್ಲಿಗೆ ಪೆಡಲಿನ ಬಳಿಯೇ ಒಂದು ಮೋಟರನ್ನು ಕೂಡಿಸಿದರೆ ಹೇಗೆ ಎಂಬ ಆಸೆ ಸವಾರರಿಗೆ ಹುಟ್ಟುವುದು ಇಂಥ ಸ್ಥಳದಲ್ಲಿಯೇ. ಆ ಆಸೆ ಸಾಧುವಾದದ್ದು. ಆದರೆ ಅದನ್ನು ಈಡೇರಿಸಿಕೊಳ್ಳುವ ಕ್ರಮದಲ್ಲಿ ವಿವೇಕವು ಅತ್ಯವಶ್ಯ.

ಚಕ್ರದ ನಾಭಿಯಲ್ಲಿ ಕೂರುವ ಹಬ್ ಮೋಟರಿಗೂ, ಪೆಡಲಿನ ಅಚ್ಚಿನಲ್ಲಿ ಕೂರುವ ಮಿಡ್ ಡ್ರೈವ್ ಮೋಟರಿಗೂ ಇರುವ ಅಂತರವು ಕೇವಲ ಸ್ಥಾನದ್ದಲ್ಲ. ಹಬ್ ಮೋಟರು ತನ್ನ ಬಲವನ್ನು ನೇರವಾಗಿ ಚಕ್ರಕ್ಕೆ ಕೊಡುವುದರಿಂದ, ಕಡಿದಾದ ಏರಿನಲ್ಲಿ ಚಕ್ರವು ನಿಧಾನವಾಗುತ್ತಿದ್ದಂತೆ ಮೋಟರೂ ನಿಧಾನವಾಗಿ, ವಿದ್ಯುಚ್ಛಕ್ತಿಯ ಬಹುಭಾಗವು ವ್ಯರ್ಥವಾದ ಕಾವಾಗಿ ಹೋಗುತ್ತದೆ. ಮಿಡ್ ಡ್ರೈವ್ ಮೋಟರಾದರೋ ಸವಾರನ ಕಾಲಿನಂತೆಯೇ ಚೈನು ಮತ್ತು ಗೇರುಗಳ ಮೂಲಕ ದುಡಿಯುವುದರಿಂದ, ಸವಾರನು ಹಗುರ ಗೇರಿಗೆ ಇಳಿದೊಡನೆ ತಾನೂ ಅದೇ ಗೇರಿನ ಲಾಭವನ್ನು ಪಡೆದು, ತನಗೆ ಹಿತವಾದ ವೇಗದಲ್ಲಿ ತಿರುಗುತ್ತಲೇ ಏರನ್ನು ಹತ್ತಿಸುತ್ತದೆ. ಈ ಕಲ್ಪನೆ ಹೊಸದಲ್ಲ: ಬೋಸ್ಟನ್ನಿನ ಹೋಸಿಯಾ ಲಿಬ್ಬಿ ಎಂಬಾತನು ಪೆಡಲಿನ ಅಚ್ಚಿನ ಬಳಿ ಮೋಟರನ್ನಿಟ್ಟ ಸೈಕಲ್ಲಿಗೆ 1897ರಲ್ಲಿಯೇ ಹಕ್ಕುಪತ್ರವನ್ನು ಪಡೆದಿದ್ದನು, ಕಾಲಿನ ಒತ್ತಡವನ್ನು ಅಳೆದು ಅದಕ್ಕೆ ತಕ್ಕಷ್ಟೇ ನೆರವನ್ನೀಯುವ ಸೈಕಲ್ಲನ್ನು ಜಪಾನಿನ ಯಮಹಾ ಸಂಸ್ಥೆಯು 1993ರಲ್ಲಿ ಮಾರುಕಟ್ಟೆಗೆ ತಂದಿತು. ಈಗ ಬಫಾಂಗ್, ಟಾಂಗ್‌ಶೆಂಗ್ ಮೊದಲಾದ ಚೀನೀ ತಯಾರಕರ ಕಿಟ್ಟುಗಳಿಂದಾಗಿ, ಕೈಕೆಲಸ ಬಲ್ಲ ಯಾವ ಮೆಕ್ಯಾನಿಕ್ಕನಾದರೂ ಹಳೆಯ ಸೈಕಲ್ಲಿಗೆ ಈ ಯಂತ್ರವನ್ನು ಜೋಡಿಸಬಹುದಾಗಿದೆ.

ಆದರೆ ಆ ಕಿಟ್ಟುಗಳನ್ನು ರೂಪಿಸಿದವರ ಮನಸ್ಸಿನಲ್ಲಿದ್ದುದು ಉಕ್ಕಿನ ಅಥವಾ ಅಲ್ಯುಮಿನಿಯಮ್ಮಿನ ಫ್ರೇಮು. ಲೋಹವು ಎಲ್ಲ ದಿಕ್ಕಿನಲ್ಲಿಯೂ ಹೆಚ್ಚುಕಡಿಮೆ ಒಂದೇ ಗುಣವುಳ್ಳದ್ದು. ಕಾರ್ಬನ್ ಫ್ರೇಮಿನ ಗುಣವು ಬೇರೆ. ಕೂದಲಿಗಿಂತ ಎಷ್ಟೋ ಸಣ್ಣದಾದ ಇಂಗಾಲದ ನೂಲುಗಳನ್ನು ಪದರಪದರವಾಗಿ ಹಾಸಿ ಅಂಟಿನಿಂದ ಬಿಗಿದು ಮಾಡಿದ ಆ ಕೊಳವೆಯು, ನೂಲು ಯಾವ ದಿಕ್ಕಿಗೆ ಹರಿದಿದೆಯೋ ಆ ದಿಕ್ಕಿನ ಎಳೆತಕ್ಕೆ ಅಸಾಧಾರಣವಾದ ಬಲವನ್ನು ತೋರುತ್ತದೆ. ಅಡ್ಡಲಾಗಿ ಹಿಂಡಿದರೆ, ಒಂದೇ ಬಿಂದುವಿನಲ್ಲಿ ಒತ್ತಿದರೆ, ಚೂಪಾದ ಹಲ್ಲಿನಿಂದ ಕಚ್ಚಿಸಿದರೆ, ಸೋತುಹೋಗುತ್ತದೆ. ಹೊಳೆಯಾಚೆಯ ಹಂಪೆಯ ಬಂಡೆಗಳ ಮೈಮೇಲೆ ಸಾಲಾಗಿ ಕೊರೆದ ಕುಳಿಗಳನ್ನು ಕಂಡವರು, ವಿಜಯನಗರದ ಕಲ್ಲುಕುಟಿಗರು ಬೆಣೆಗಳನ್ನು ಬಡಿದು ಗ್ರಾನೈಟನ್ನು ಬೇಕಾದ ಗೆರೆಗೆ ಸೀಳಿದ ಬಗೆಯನ್ನು ಊಹಿಸಿಕೊಳ್ಳಬಲ್ಲರು. ಕಲ್ಲು ಭಾರವನ್ನು ಹೊರುವುದರಲ್ಲಿ ಗಟ್ಟಿ, ಬಾಗುವುದರಲ್ಲಿ ದುರ್ಬಲ ಎಂಬುದನ್ನು ಅರಿತಿದ್ದುದರಿಂದಲೇ ಅವರು ಮಂಟಪಗಳ ಕಂಬಗಳನ್ನು ಅಷ್ಟು ಒತ್ತಾಗಿ ನಿಲ್ಲಿಸಿದರು. ಕಾರ್ಬನ್ ಫ್ರೇಮಿಗೆ ಮೋಟರನ್ನು ಕೂಡಿಸುವವನಿಗೂ ಬೇಕಾದದ್ದು ಅದೇ ಬಗೆಯ ಜ್ಞಾನ: ವಸ್ತುವಿನ ಸ್ವಭಾವವನ್ನು ಮೊದಲು ತಿಳಿದು, ಬಲವನ್ನು ಅದಕ್ಕೆ ಒಗ್ಗಿಸುವುದು.

ಮೊದಲನೆಯ ಪರೀಕ್ಷೆಯು ಬಾಟಮ್ ಬ್ರಾಕೆಟ್ಟಿನದು. ಎಂದರೆ, ಪೆಡಲುಗಳ ಅಚ್ಚು ಹಾದುಹೋಗುವ ಅಡ್ಡ ಕೊಳವೆಯದು. ಹಳೆಯ ಕ್ರಮದ, ಒಳಗೆ ಸ್ಕ್ರೂವಿನಂತೆ ಸುತ್ತುವ ಮರೆ ಇರುವ ಕೊಳವೆಯು 68 ಅಥವಾ 73 ಮಿಲಿಮೀಟರ್ ಅಗಲವಾಗಿದ್ದು, ಅದರ ರಂಧ್ರವು ಸುಮಾರು 34 ಮಿಲಿಮೀಟರಿನದು; ಬಹುತೇಕ ಕಿಟ್ಟುಗಳು ಈ ಅಳತೆಗೇ ಹುಟ್ಟಿದವು. ಆದರೆ ಅನೇಕ ಕಾರ್ಬನ್ ಮೌಂಟನ್ ಬೈಕುಗಳಲ್ಲಿ ಮರೆಯೇ ಇಲ್ಲದ, ಬೇರಿಂಗನ್ನು ಒತ್ತಿ ಕೂರಿಸುವ ಪ್ರೆಸ್ ಫಿಟ್ ಕೊಳವೆ ಇರುತ್ತದೆ. ಅದರ ಒಂದು ಪ್ರಸಿದ್ಧ ಮಾದರಿಯಲ್ಲಿ ಅಗಲವು 92 ಮಿಲಿಮೀಟರ್, ರಂಧ್ರವು 41 ಮಿಲಿಮೀಟರ್. ಇಲ್ಲಿ ಮೋಟರಿನ ಅಚ್ಚು ಸಡಿಲವಾಗಿ ಅಲುಗಾಡದಂತೆ ಲೋಹದ ಬಳೆಯನ್ನು ತೊಡಿಸಬೇಕು, ಉದ್ದವಾದ ಅಚ್ಚಿನ ಮೋಟರನ್ನು ಹುಡುಕಬೇಕು. ಅಂಥ ಉದ್ದದ ಅಚ್ಚು ಬಹುಮಟ್ಟಿಗೆ ದೊರೆಯುವುದು 1000 ವ್ಯಾಟಿನಂಥ ಬಲಿಷ್ಠ ಮೋಟರುಗಳಿಗೆ. ಹೀಗೆ, ಯಾವ ಫ್ರೇಮಿಗೆ ಸೌಮ್ಯವಾದ ಮೋಟರು ಅತ್ಯಗತ್ಯವೋ ಅದೇ ಫ್ರೇಮಿಗೆ ಉಗ್ರವಾದ ಮೋಟರು ಗಂಟುಬೀಳುವ ವಿಪರ್ಯಾಸವು ಒದಗುತ್ತದೆ. ಇದಲ್ಲದೆ, ಹಿಂಬದಿಯ ಚಕ್ರದ ಕಡೆಗೆ ಚಾಚುವ ಕೊಳವೆಗಳು ಕಾರ್ಬನ್ ಫ್ರೇಮುಗಳಲ್ಲಿ ದಪ್ಪವಾಗಿ ಉಬ್ಬಿರುವುದುಂಟು. ಮೋಟರಿನ ಗೇರಿನ ಪೆಟ್ಟಿಗೆ ಅಲ್ಲಿಗೆ ತಗುಲುವುದೋ ಇಲ್ಲವೋ ಎಂಬುದನ್ನು ಹಣ ಕೊಡುವ ಮೊದಲೇ ಅಳೆದು ನೋಡತಕ್ಕದ್ದು.

ಎರಡನೆಯ ಪರೀಕ್ಷೆಯು ಪ್ರತಿಕ್ರಿಯೆಯ ಬಲದ್ದು. ಮೋಟರು ಪೆಡಲಿನ ಅಚ್ಚನ್ನು ಮುಂದಕ್ಕೆ ತಿರುಗಿಸುವಾಗ, ಅದರ ಶರೀರವು ಅಷ್ಟೇ ಬಲದಿಂದ ಎದುರು ದಿಕ್ಕಿಗೆ ತಿರುಗಲು ಯತ್ನಿಸಿ, ಮೇಲೆದ್ದು, ಫ್ರೇಮಿನ ಕೆಳಗೊಳವೆಯನ್ನು ಒತ್ತುತ್ತದೆ. ಉಕ್ಕಿನ ಸೈಕಲ್ಲಿನಲ್ಲಿ ಇದು ಬಣ್ಣವನ್ನು ಕೆಡಿಸಬಹುದು, ಅಷ್ಟೆ. ಕಾರ್ಬನ್ನಿನಲ್ಲಿ ಅದೇ ಒತ್ತು, ಅದೇ ಬಿಂದುವಿನಲ್ಲಿ, ಪ್ರತಿ ಏರಿನಲ್ಲಿಯೂ ಮರುಕಳಿಸಿ, ಒಳಗಿನ ಪದರಗಳನ್ನು ಕಣ್ಣಿಗೆ ಕಾಣದಂತೆ ಬಿಡಿಸಿಬಿಡಬಲ್ಲದು. ಆದುದರಿಂದ ಮೋಟರಿಗೂ ಕೊಳವೆಗೂ ನಡುವೆ, ಕೊಳವೆಯ ಮೈಗೆ ಸರಿಯಾಗಿ ಒಪ್ಪುವ ಅಗಲವಾದ ರಬ್ಬರಿನ ಮೆತ್ತೆಯನ್ನಿಟ್ಟು ಭಾರವನ್ನು ಹರಡಬೇಕು. ಕಿಟ್ಟಿನಲ್ಲಿ ಬರುವ ಹಲ್ಲುಳ್ಳ ಬಿಗಿಪಟ್ಟಿಯನ್ನು ಕಾರ್ಬನ್ನಿನ ಮೈಗೆ ಕಚ್ಚಿಸಲೇಬಾರದು. ನಟ್ಟುಗಳನ್ನು ಅಂದಾಜಿನಿಂದಲ್ಲದೆ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಅಲ್ಯುಮಿನಿಯಮ್ ಬಳೆಯು ತೇವದಲ್ಲಿ ಕಾರ್ಬನ್ನನ್ನು ಮುಟ್ಟಿಕೊಂಡಿದ್ದರೆ ಲೋಹವು ಬೇಗ ಸವೆದು ಪುಡಿಗೂಡುವುದರಿಂದ, ಹೊಳೆಯ ದಡದ ಸವಾರರು ಅವೆರಡರ ನಡುವೆ ಗಾಜಿನ ನೂಲಿನ ಪದರವನ್ನಿಡಿಸುವುದು ಕ್ಷೇಮ. ಆಗಾಗ ನಾಣ್ಯದಿಂದ ಕೊಳವೆಯನ್ನು ಮೆಲ್ಲಗೆ ತಟ್ಟಿ ಆಲಿಸುವುದೂ ಒಳ್ಳೆಯ ಅಭ್ಯಾಸ: ಸ್ಪಷ್ಟವಾದ ನಾದವು ಒಂದೆಡೆ ಇದ್ದಕ್ಕಿದ್ದಂತೆ ಮಂಕಾದರೆ, ಅಲ್ಲಿ ಪದರ ಬಿಟ್ಟಿದೆಯೆಂದು ಶಂಕಿಸಿ, ಸವಾರಿಯನ್ನು ನಿಲ್ಲಿಸಿ, ಬಲ್ಲವರಿಗೆ ತೋರಿಸಬೇಕು.

ಇಷ್ಟೆಲ್ಲ ಎಚ್ಚರಿಕೆಯ ನಂತರ ಉಳಿಯುವ ಪ್ರಶ್ನೆ: ಎಷ್ಟು ಬಲ ಸಾಕು? ಸವಾರನೂ ಸೈಕಲ್ಲೂ ಸೇರಿ 100 ಕಿಲೋಗ್ರಾಂ ತೂಗುವರೆಂದಿಟ್ಟುಕೊಂಡು, ಹತ್ತು ಮೀಟರಿಗೆ ಒಂದು ಮೀಟರಿನಂತೆ ಏರುವ ದಾರಿಯಲ್ಲಿ ಗಂಟೆಗೆ 8 ಕಿಲೋಮೀಟರ್ ವೇಗದಿಂದ ಹತ್ತಬೇಕಾದರೆ, ಎತ್ತುವುದಕ್ಕೆ ಮಾತ್ರ ಬೇಕಾಗುವ ಶಕ್ತಿಯು ಸುಮಾರು 220 ವ್ಯಾಟ್. ಟೈರಿನ ಘರ್ಷಣೆಗೆ ಇನ್ನಷ್ಟನ್ನು ಸೇರಿಸಿದರೂ, ಆರೋಗ್ಯವಂತನಾದ ಸವಾರನ ಕಾಲು ನೂರು ವ್ಯಾಟಿನಷ್ಟನ್ನು ನಿರಾಯಾಸವಾಗಿ ಕೊಡಬಲ್ಲುದಾದುದರಿಂದ, 250 ವ್ಯಾಟಿನ ಮೋಟರು ಗಡ್ಡೆಯ ಸುತ್ತಿನ ಸೈಕಲ್ ದಾರಿಗಳಿಗೆ ಯಥೇಷ್ಟ. ನಮ್ಮ ಕೇಂದ್ರ ಮೋಟರು ವಾಹನ ನಿಯಮಗಳೂ ಪೆಡಲ್ ನೆರವಿನ ಸೈಕಲ್ಲನ್ನು ಮೋಟರು ವಾಹನವೆಂದು ಎಣಿಸದಿರಬೇಕಾದರೆ ಅದರ ಮೋಟರು ಸುಮಾರಾಗಿ ಈ ಶಕ್ತಿಯ ಮಿತಿಯೊಳಗಿರಬೇಕೆಂದೂ, ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ನೆರವು ನಿಂತುಹೋಗಬೇಕೆಂದೂ ವಿಧಿಸಿವೆ. ಭೌತವಿಜ್ಞಾನವೂ ಕಾನೂನೂ ಕಾರ್ಬನ್ ನೂಲಿನ ಸ್ವಭಾವವೂ ಒಂದೇ ಮಾತನ್ನು ಹೇಳುತ್ತಿರುವಾಗ, 750 ವ್ಯಾಟಿನ ವ್ಯಾಮೋಹವನ್ನು ಬಿಡುವುದೇ ರಸಿಕತೆಯ ಲಕ್ಷಣ. ಪೆಡಲು ತಿರುಗುವುದನ್ನಷ್ಟೇ ಗಮನಿಸುವ ಸೆನ್ಸರಿಗಿಂತ ಕಾಲಿನ ಒತ್ತಡವನ್ನು ಅಳೆಯುವ ಟಾರ್ಕ್ ಸೆನ್ಸರಿನ ಮೋಟರು ಮೇಲು. ಅದು ಬಂಡೆಯ ನಡುವೆ ಹಠಾತ್ತನೆ ನುಗ್ಗದೆ, ಸವಾರನ ಸಂಕಲ್ಪವನ್ನು ಹಿಂಬಾಲಿಸುತ್ತದೆ.

ಬ್ಯಾಟರಿಯ ವಿಷಯದಲ್ಲಿಯೂ ಮಿತವೇ ಹಿತ. 36 ವೋಲ್ಟಿನ, 10 ಆಂಪಿಯರ್-ಅವರಿನ ಲಿಥಿಯಂ ಬ್ಯಾಟರಿಯಲ್ಲಿ 360 ವ್ಯಾಟ್-ಅವರ್ ಶಕ್ತಿ ಇರುತ್ತದೆ. ಕಿಲೋಮೀಟರಿಗೆ 12ರಂತೆ ಖರ್ಚಾದರೂ 30 ಕಿಲೋಮೀಟರಿನ ಸುತ್ತಿಗೆ ಅದು ಸಾಕು. ನೀರಿನ ಬಾಟಲಿಗೆಂದು ಫ್ರೇಮಿನಲ್ಲಿ ಕೂಡಿಸಿದ ಎರಡು ಸಣ್ಣ ಸ್ಕ್ರೂಗಳಿಗೆ ಈ ಭಾರವನ್ನೆಲ್ಲ ತೂಗುಹಾಕದೆ, ಫ್ರೇಮಿನ ತ್ರಿಕೋನದೊಳಗೆ ಚೀಲದಲ್ಲಿಟ್ಟು ಅಗಲವಾದ ಪಟ್ಟಿಗಳಿಂದ ಕಟ್ಟುವುದು ಲೇಸು. ಪಾರೆಗೆ ಪಾರೆಯೇ ಕಾದು ನಿಲ್ಲುವ ಈ ಸೀಮೆಯ ಬೇಸಿಗೆಯಲ್ಲಿ ಬ್ಯಾಟರಿಯನ್ನು ಬಿಸಿಲಿನಲ್ಲಿ ಬಿಡಬಾರದು. ಸವಾರಿಯಿಂದ ಬಂದೊಡನೆ, ಅದು ತಣಿಯುವ ಮೊದಲು, ಚಾರ್ಜಿಗೆ ಹಾಕಬಾರದು. ತುಂಗಭದ್ರೆಯ ಜಲಾಶಯದಿಂದ ನೀರು ಬಿಟ್ಟಾಗ ಗಡ್ಡೆಯ ದಾರಿ ಮುಳುಗುತ್ತದೆಂಬುದು ಎಲ್ಲರಿಗೂ ಗೊತ್ತು. 2019ರ ಆಗಸ್ಟಿನಲ್ಲಿ ಅಲ್ಲಿ ಸಿಕ್ಕಿಕೊಂಡ ಪ್ರವಾಸಿಗರನ್ನು ಹೆಲಿಕಾಪ್ಟರುಗಳನ್ನು ತಂದು ಪಾರುಮಾಡಬೇಕಾಯಿತು. ಮಳೆಯ ಹನಿಯನ್ನು ತಡೆಯಬಲ್ಲ ಮೋಟರು ಹರಿವ ನೀರಿನಲ್ಲಿ ಮುಳುಗಿಸತಕ್ಕದ್ದಲ್ಲ.

ಆರೇಳು ಕಿಲೋಗ್ರಾಂ ಭಾರವನ್ನು ಹೇರಿದ ಮೇಲೆ ಕಾರ್ಬನ್ನಿನ ಹಗುರತನಕ್ಕೆ ಅರ್ಥವೇನುಳಿಯಿತೆಂದು ಕೇಳುವವರುಂಟು. ಬಂಡೆಗಳ ಸಂದಿನಲ್ಲಿ ಸೈಕಲ್ಲನ್ನು ಹೆಗಲಿಗೇರಿಸಬೇಕಾದಾಗ, ಹೊಳೆ ದಾಟಲು ದೋಣಿಗೋ ಹರಗೋಲಿಗೋ ಎತ್ತಿಡಬೇಕಾದಾಗ, ಚಾರ್ಜು ಮುಗಿದು ಕಾಲಿನ ಬಲದಿಂದಲೇ ಊರು ಸೇರಬೇಕಾದಾಗ, ಆ ಅರ್ಥವು ತಾನಾಗಿಯೇ ತಿಳಿಯುತ್ತದೆ. ಇನ್ನೊಂದು ಕರ್ತವ್ಯವೂ ಉಂಟು: 2020ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ ರೆಸಾರ್ಟುಗಳು ತೆರವಾದ ಈ ನೆಲವು ವಿಶ್ವಪರಂಪರೆಯ ರಕ್ಷಿತ ಪ್ರದೇಶದೊಳಗಿನದು, ಯಂತ್ರದ ನೆರವು ದೊರೆಯಿತೆಂದು ಸ್ಮಾರಕದ ಕಲ್ಲಿನ ಮೇಲಾಗಲಿ, ರೈತನ ಬದುವಿನ ಮೇಲಾಗಲಿ ಚಕ್ರವನ್ನು ಹತ್ತಿಸುವ ಅಧಿಕಾರ ಯಾರಿಗೂ ಬಂದಿಲ್ಲ.

ಆದುದರಿಂದ ನನ್ನ ಅಭಿಪ್ರಾಯವು ಇದು. ಕಾರ್ಬನ್ ಫ್ರೇಮಿನಲ್ಲಿ ಮರೆ ಇರುವ 73 ಮಿಲಿಮೀಟರಿನ ಬಾಟಮ್ ಬ್ರಾಕೆಟ್ ಇದ್ದು, ಕೆಳಗೊಳವೆಯ ಬಳಿ ಮೆತ್ತೆಗೆ ಸ್ಥಳವಿದ್ದು, ತಯಾರಕನ ಖಾತರಿಯನ್ನು ಕಳೆದುಕೊಳ್ಳಲು ಮನಸ್ಸೊಪ್ಪಿದರೆ, 250 ವ್ಯಾಟಿನ ಟಾರ್ಕ್ ಸೆನ್ಸರ್ ಮೋಟರನ್ನು ಧೈರ್ಯವಾಗಿ ಕೂಡಿಸಬಹುದು. ಪ್ರೆಸ್ ಫಿಟ್ ಫ್ರೇಮಾದರೆ ಅದನ್ನು ಅದರ ಪಾಡಿಗೆ ಬಿಟ್ಟು, ಒಂದು ಒಳ್ಳೆಯ ಅಲ್ಯುಮಿನಿಯಮ್ ಸೈಕಲ್ಲನ್ನು ಈ ಕಾರ್ಯಕ್ಕೆ ಆರಿಸಿಕೊಳ್ಳುವುದು ಉತ್ತಮ. ಮೋಟರು ಸವಾರನ ಕಾಲಿಗೆ ಸಹಾಯಕವಾಗಿರಬೇಕೇ ಹೊರತು ಅದರ ಯಜಮಾನನಾಗಬಾರದು. 250 ವ್ಯಾಟಿಗಿಂತ ಹೆಚ್ಚಿನ ಬಲವನ್ನು ಬಯಸುವವರು ಅದಕ್ಕೆಂದೇ ಕಟ್ಟಿದ, ನೋಂದಣಿಯಾದ ವಾಹನವನ್ನು ಕೊಳ್ಳಲಿ.