ವಿಚಾರಣೆಯ ಕಡತದಲ್ಲಿ ಒಂದು ಗಿರಣಿಯ ಮನೆತನ

ಅರಸರ ವಂಶಾವಳಿಗೆ ಶಾಸನಗಳುಂಟು. ಹಳ್ಳಿಯಲ್ಲಿ ಹಿಟ್ಟು ಬೀಸಿ ಬಾಳಿದ ಮನೆತನಕ್ಕೆ ಆಧಾರವೆಲ್ಲಿ? ಇಟಲಿಯ ಇತಿಹಾಸಕಾರ ಕಾರ್ಲೊ ಗಿನ್ಸ್‌ಬರ್ಗ್ 1976ರಲ್ಲಿ ಪ್ರಕಟಿಸಿದ ‘ಗಿಣ್ಣು ಮತ್ತು ಹುಳುಗಳು’ ಎಂಬ ಗ್ರಂಥವು ಈ ಪ್ರಶ್ನೆಗೆ ದೊರೆತ ಪ್ರಸಿದ್ಧ ಉತ್ತರಗಳಲ್ಲೊಂದು. ಅದರ ಗುಣದೋಷಗಳೆರಡೂ ಕನ್ನಡ ಸಂಶೋಧಕರಿಗೆ ವಿಚಾರಾರ್ಹವಾಗಿವೆ.

ಗ್ರಂಥದ ನಾಯಕ ದೊಮೆನಿಕೊ ಸ್ಕಾಂದೆಲ್ಲ. ಊರವರ ಬಾಯಲ್ಲಿ ಮೆನೊಕ್ಕಿಯೊ. ಫ್ರಿಯುಲಿ ಪ್ರಾಂತದ ಮೊಂತೆರೆಯಾಲೆ ಗ್ರಾಮದಲ್ಲಿ 1532ರಲ್ಲಿ ಜನಿಸಿದ ಈತನ ಮುಖ್ಯ ವೃತ್ತಿ ಹಿಟ್ಟಿನ ಗಿರಣಿ. ಓದುಬರಹ ಬಲ್ಲವನು, 1581ರಲ್ಲಿ ಗ್ರಾಮದ ಮುಖ್ಯಾಧಿಕಾರಿಯೂ ಆಗಿದ್ದನು. ಹಾಲು ಹೆಪ್ಪುಗಟ್ಟಿ ಗಿಣ್ಣಾಗಿ, ಅದರಲ್ಲಿ ಹುಳುಗಳು ಹುಟ್ಟುವಂತೆ ಆದಿಯ ಅವ್ಯಕ್ತದಿಂದ ದೇವದೂತರು ಹುಟ್ಟಿದರೆಂಬುದು ಅವನ ಮತ. 1583ರಲ್ಲಿ ಕ್ರೈಸ್ತ ಧರ್ಮವಿಚಾರಣಾ ಮಂಡಲಿಗೆ ದೂರು ಹೋಯಿತು. 1584ರಲ್ಲಿ ಶಿಕ್ಷೆ, 1586ರಲ್ಲಿ ಬಿಡುಗಡೆ, 1599ರಲ್ಲಿ ಮರುಬಂಧನ, ಕಡೆಗೆ ಮರಣದಂಡನೆ.

ದಂಡಿಸಲೆಂದೇ ಬರೆದ ಕಡತದಿಂದ ದಂಡಿತನ ದನಿಯನ್ನು ಹೊರತೆಗೆದುದು ಗ್ರಂಥಕರ್ತನ ಹಿರಿಮೆ. ಮುದ್ರಿತ ಪುಸ್ತಕಗಳನ್ನು ಈತ ಓದಿದ ರೀತಿಯಲ್ಲಿಯೇ ರೈತಾಪಿ ಜನರ ಪುರಾತನ ಬಾಯ್ದೆರೆಯ ಸಂಸ್ಕೃತಿ ಅಡಗಿದೆಯೆಂಬುದು ಅವನ ವಾದ. ಆದರೆ ಒಬ್ಬನ ಮಾತು ಇಡೀ ಸಮುದಾಯಕ್ಕೆ ಸಾಕ್ಷಿಯಾದೀತೆ? ವಿಚಾರಣೆಯ ಮೂಲಪಾಠವನ್ನು 1990ರಲ್ಲಿ ಸಂಪಾದಿಸಿದ ಆಂದ್ರೆಯ ದೆಲ್ ಕೋಲ್ ಅದೇ ಮಾತುಗಳಲ್ಲಿ ಕ್ಯಾಥರ್ ಪಂಥದ ಛಾಯೆಯನ್ನು ಕಂಡನು. ಆಧಾರ ಒಂದೇ ಆಗಿ ನಿರ್ಣಯ ಎರಡಾದಾಗ ಎಚ್ಚರಿಕೆ ಅವಶ್ಯ.

ಇದಕ್ಕಿಂತ ದೊಡ್ಡ ಕೊರತೆ ಕುಟುಂಬದ್ದು. ಹುಟ್ಟಿದ ಮಕ್ಕಳು ಹನ್ನೊಂದು, ತೀರಿಕೊಂಡವರು ನಾಲ್ವರು. ತಂದೆಯ ಬಿಡುಗಡೆಗಾಗಿ ಅಲೆದ ಮಗ ಜಿಯಾನ್ನೂತೊ ಎರಡನೆಯ ವಿಚಾರಣೆಗೆ ಮೊದಲೇ ಗತಿಸಿದನು. ಹೆಂಡತಿಯ ವಿಷಯ ಕೆಲವೇ ಮಾತು. ನ್ಯಾಯಾಧೀಶರು ಕೇಳಿದಾಗ, ಇಲ್ಲವೆ ಕರುಣೆ ಬೇಡುವಾಗ ಮಾತ್ರ ಇವರು ಕಡತವನ್ನು ಪ್ರವೇಶಿಸುತ್ತಾರೆ. ಗ್ರಂಥಕರ್ತನ ದೃಷ್ಟಿಯೂ ಗಿರಣಿಗಾರನ ಮನಸ್ಸಿನಲ್ಲಿ ನೆಟ್ಟಿದೆ. ಅವನ ಮನೆ ಅಂಚಿನಲ್ಲಿ ಉಳಿಯುತ್ತದೆ.

ನಮ್ಮ ಶಾಸನಗಳ ಸ್ಥಿತಿಯೂ ಇದಕ್ಕೆ ಸಮೀಪವಾದುದೇ. ಹಿಟ್ಟಿನ ಗಿರಣಿಯಲ್ಲದಿದ್ದರೂ ಎಣ್ಣೆಯ ಗಾಣ ಅಲ್ಲಿ ಬರುತ್ತದೆ: ಗಾಣದೆರೆ, ನಂದಾದೀವಿಗೆಗೆ ಬಿಟ್ಟ ಎಣ್ಣೆ, ತೆಲ್ಲಿಗರೈವತ್ತೊಕ್ಕಲು. ತೆರಿಗೆ ತೆತ್ತವನಾಗಿ, ದಾನಿಯಾಗಿ ಗಾಣಿಗನು ಕಾಣುತ್ತಾನೆ. ಮಗನಿಗೆ ಕಸುಬು ಕಲಿಸಿದ ತಂದೆಯಾಗಿ ಅಲ್ಲ. ಇಟಲಿಯ ಕಡತ ಅಪರಾಧವನ್ನು ಉಳಿಸಿತು, ಕನ್ನಡದ ಕಲ್ಲು ಪುಣ್ಯವನ್ನು ಉಳಿಸಿತು. ಎರಡೂ ಮನೆತನಕ್ಕಾಗಿ ಬರೆದವಲ್ಲ. ದಾಖಲೆ ಏನು ಹೇಳುತ್ತದೆಂಬುದಕ್ಕೆ ಮುನ್ನ, ಯಾರಿಗಾಗಿ, ಏತಕ್ಕಾಗಿ ಬರೆದುದೆಂದು ಕೇಳುವುದು ಸಂಶೋಧಕನ ಮೊದಲ ಕರ್ತವ್ಯ.