ಆ ಹಾಳೆ ಎಲ್ಲಿಂದ ಬಂತು?

2025ರ ಫೆಬ್ರವರಿಯಲ್ಲಿ, ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಹಾಳೆ ಬಳಸಕೂಡದೆಂದು ರಾಜ್ಯ ಸರ್ಕಾರ ಹೇಳಿದ್ದು ಸರಿಯೇ. ಆದರೆ ಚರ್ಚೆಯೆಲ್ಲ ಹೋಟೆಲಿನ ಒಲೆಯ ಸುತ್ತಲೇ ನಡೆಯಿತು. ಆ ಹಾಳೆ ಮಾಡಿದವರು ಯಾರು, ಯಾವ ದಾಣಾ (ಪ್ಲಾಸ್ಟಿಕ್ ಹರಳು) ಕರಗಿಸಿ ಮಾಡಿದರು ಎಂದು ಹೆಚ್ಚು ಜನ ಕೇಳಲಿಲ್ಲ. ಮೈಸೂರಿನ ಕುಂಬಾರಕೊಪ್ಪಲಿನ ಮಗ್ಗುಲಲ್ಲೇ ಮೇಟಗಳ್ಳಿ, ಹೆಬ್ಬಾಳು ಕೈಗಾರಿಕಾ ಪ್ರದೇಶಗಳಿವೆ. ಒಂಟಿಕೊಪ್ಪಲಿನ ಕಡೆ ಬಂದರೆ, ಆಹಾರದ ಪ್ಯಾಕಿಂಗ್ ಬಗ್ಗೆ ಸಂಶೋಧನೆ ನಡೆಸುವ ಸಿಎಫ್‌ಟಿಆರ್‌ಐ 1950ರಿಂದ ಚೆಲುವಾಂಬ ಮ್ಯಾನ್ಷನ್‌ನಲ್ಲಿದೆ. ಇಂಥ ಕಡೆಯಾದರೂ ಈ ಪ್ರಶ್ನೆ ಏಳಬೇಕು.

ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2018ರ ಪ್ಯಾಕೇಜಿಂಗ್ ನಿಯಮಾವಳಿ ಕಳಪೆ ಕೆಲಸವಲ್ಲ. ಪ್ಲಾಸ್ಟಿಕ್ಕಿನಿಂದ ಆಹಾರಕ್ಕೆ ಇಳಿಯುವ ಅಂಶ ಕಿಲೋಗೆ 60 ಮಿಲಿಗ್ರಾಂ ಮೀರಬಾರದೆಂದು ಅದು ಗೆರೆ ಎಳೆಯಿತು. ಬೋಂಡ, ವಡೆಗೆ ಸುದ್ದಿಪತ್ರಿಕೆ ಸುತ್ತುವುದನ್ನೂ ನಿಷೇಧಿಸಿತು. ಪ್ಯಾಕಿಂಗ್ ಸಾಮಗ್ರಿಗೆ ಮಾನ್ಯತೆ ಪಡೆದ ಪ್ರಯೋಗಾಲಯದ ಸರ್ಟಿಫಿಕೇಟ್ ಬೇಕೆಂದಿತು. ಅದರ ಕೊರತೆ ಇರುವುದೂ ಇಲ್ಲೇ. ಸರ್ಟಿಫಿಕೇಟ್ ಹೇಳುವುದು ಅಂದು ಕೊಟ್ಟ ಮಾದರಿಯ ಮಾತು. ಮುಂದಿನ ತಿಂಗಳು ದಾಣಾ ಬೇರೆ, ಇಂಕ್ ಬೇರೆ, ಪದರ ಅಂಟಿಸುವ ಗೋಂದು ಬೇರೆ. ಫೈಲಿನಲ್ಲಿರುವುದು ಮಾತ್ರ ಅದೇ ಹಳೆಯ ಕಾಗದ. ಸಪ್ಲೈಯರನ್ನು ಒಪ್ಪಿಕೊಳ್ಳುವುದೆಂದರೆ ಆ ಕಾಗದದ ಜೆರಾಕ್ಸ್ ಇಟ್ಟುಕೊಳ್ಳುವುದಷ್ಟೇ ಆದರೆ, ಯಾರನ್ನೂ ಪರೀಕ್ಷಿಸಿದಂತಾಗುವುದಿಲ್ಲ.

2005ರಲ್ಲಿ ಇಟಲಿಯಲ್ಲಿ ಶಿಶುಗಳ ಹಾಲಿನಲ್ಲಿ ಐಟಿಎಕ್ಸ್ ಎಂಬ ರಾಸಾಯನಿಕ ಸಿಕ್ಕಿತು. ಅದು ಪೆಟ್ಟಿಗೆಯ ಹೊರಮೈಯ ಮುದ್ರಣದ ಇಂಕಿನದು. ಮುದ್ರಿಸಿದ ಹಾಳೆಯನ್ನು ರೋಲ್ ಸುತ್ತಿದಾಗ ಹೊರಮೈ ಒಳಮೈಗೆ ಒತ್ತಿಕೊಳ್ಳುತ್ತದೆ. ಇಂಕಿನ ಅಂಶ ಆಹಾರ ತಾಗುವ ಕಡೆಗೆ ದಾಟುತ್ತದೆ. ಇಂಥ ಹೊತ್ತಿನಲ್ಲಿ ಪೊಟ್ಟಣದ ಬ್ಯಾಚ್ ನಂಬರ್ ಹಿಡಿದು ರೋಲ್, ಯಂತ್ರ, ಪಾಳಿ, ಇಂಕಿನ ಡಬ್ಬದವರೆಗೆ ಹಿಂದಕ್ಕೆ ಹೋಗಲು ಬರಬೇಕು. ಅದೇ ಡಬ್ಬದಿಂದ ಇನ್ನಾವ ರೋಲುಗಳಾದವು, ಯಾರ ಗೋದಾಮಿಗೆ ಹೋದವು ಎಂದು ಮುಂದಕ್ಕೂ ಹೇಳಬೇಕು. ಯುರೋಪಿನ 2004ರ ಕಾನೂನು ಆಹಾರ ತಾಗುವ ವಸ್ತುಗಳ ಈ ಜಾಡನ್ನು ಪ್ರತಿ ಹಂತದಲ್ಲೂ ಕಡ್ಡಾಯ ಮಾಡಿದೆ. ನಮ್ಮ ನಿಯಮಾವಳಿ ಹೊಣೆಯನ್ನು ಮುಖ್ಯವಾಗಿ ಆಹಾರ ಉದ್ಯಮಿಯ ತಲೆಗೆ ಕಟ್ಟುತ್ತದೆ.

ಸಣ್ಣ ಘಟಕಗಳಿಗೆ ಇಂಥ ಜಾಡು ಇಡುವುದು ಭಾರವೆಂಬ ವಾದವನ್ನು ನಾನು ಒಪ್ಪುವುದಿಲ್ಲ. ದಾಣಾ ಚೀಲದ ನಂಬರ್, ಇಂಕಿನ ನಂಬರ್, ರೋಲ್ ನಂಬರ್, ಕೊಂಡವರ ಹೆಸರು ಬರೆಯಲು ಒಂದು ರಿಜಿಸ್ಟರ್ ಸಾಕು. ಮರುಬಳಕೆಯ ಪ್ಲಾಸ್ಟಿಕ್ಕಿಗೂ 2022ರಿಂದ ಷರತ್ತಿನ ಮೇಲೆ ಅವಕಾಶ ಸಿಕ್ಕಿದೆ. ಆ ದಾಣಾ ಹಿಂದೆ ಏನಾಗಿತ್ತೆಂಬುದು ಕಣ್ಣಿಗೆ ಕಾಣದು, ಲೆಕ್ಕದಲ್ಲೇ ಕಾಣಬೇಕು. ಪ್ಲಾಸ್ಟಿಕ್ ಕಸದ ಹೊಣೆ ಯಾರದೆಂದು ತಿಳಿಯಲು 2025ರ ಜುಲೈ 1ರಿಂದ ಕ್ಯೂಆರ್ ಕೋಡ್, ಬಾರ್‌ಕೋಡ್‌ಗಳ ವ್ಯವಸ್ಥೆ ಬಂದಿದೆ. ಊಟ ಕಟ್ಟುವ ಹಾಳೆಗೂ ಬ್ಯಾಚ್ ನಂಬರನ್ನು ಕಡ್ಡಾಯ ಮಾಡಲಿ. ಸರ್ಟಿಫಿಕೇಟಿನ ಜೊತೆ ಆ ನಂಬರ್ ಹೊಂದದ ರೋಲನ್ನು ಕೊಳ್ಳುವವರು ಲಾರಿಯಿಂದ ಇಳಿಸಿಕೊಳ್ಳದಿರಲಿ.